ಕೋರ್ಟಿನ ಗೋಪುರಕ್ಕೆ ಸೋತ ಕಂಬ

2025, ಜೂನ್ 1, ಭಾನುವಾರ

1894ರ ಇದೇ ದಿನ ಮದರಾಸಿನ ಕಲ್ಲುಕಂಬದ ಲೈಟ್‌ಹೌಸಿನ ದೀಪ ಪಕ್ಕದ ಹೈಕೋರ್ಟ್ ಗೋಪುರದ ತಲೆಗೇರಿತು. ಕಂಬಕ್ಕೆ ಆಗ ಬರೀ ಐವತ್ತು ವರ್ಷ. ಹೈಕೋರ್ಟ್ ಆವರಣದಲ್ಲಿ ಅದು ಇವತ್ತಿಗೂ ನೆಟ್ಟಗೆ ನಿಂತಿದೆ. ಅದನ್ನು ಮನೆಗೆ ಕಳಿಸಿದ್ದು ಎತ್ತರದ ಲೆಕ್ಕ.

ಮದರಾಸಿನ ದಂಡೆ ಚಪ್ಪಟೆ. ಗುರುತಿಗೆ ಒಂದು ಗುಡ್ಡವೂ ಕಡಲಂಚಿಗಿಲ್ಲ. ಬಂದರು ಕಟ್ಟುವ ಮೊದಲು ಹಡಗುಗಳು ತೆರೆದ ಕಡಲಲ್ಲೇ ಲಂಗರು ಹಾಕಬೇಕಿತ್ತು; ಸರಕು, ಜನ ಎಲ್ಲ ಮಸೂಲ ದೋಣಿಗಳಲ್ಲಿ (ಹಲಗೆ ಹೊಲಿದು ಮಾಡಿದ, ಅಲೆಗೆ ಬಾಗುವ ದೋಣಿ) ದಡಕ್ಕೆ. 1796ರಲ್ಲಿ ಸೇಂಟ್ ಜಾರ್ಜ್ ಕೋಟೆಯೊಳಗಿನ ಎಕ್ಸ್‌ಚೇಂಜ್ ಕಟ್ಟಡದ ಮಾಳಿಗೆಯ ಮೇಲೆ ತೆಂಗಿನೆಣ್ಣೆ ದೀಪ ಹಚ್ಚಿದರು (ಈಗ ಅದೇ ಫೋರ್ಟ್ ಮ್ಯೂಸಿಯಂ). ಆಮೇಲೆ ಮದ್ರಾಸ್ ಎಂಜಿನಿಯರ್ಸ್‌ನ ಕ್ಯಾಪ್ಟನ್ ಜೆ.ಟಿ. ಸ್ಮಿತ್ ಹಳೆಯ ಗ್ರೀಕರ ಡೋರಿಕ್ ಶೈಲಿಯಲ್ಲಿ 125 ಅಡಿಯ ಕಂಬ ಎಬ್ಬಿಸಿದ. 1844ರಲ್ಲಿ ಅದರ ದೀಪ ಹೊತ್ತಿತು.

ಎಣ್ಣೆದೀಪದ ಕಷ್ಟ ದೇವರಮನೆಯಲ್ಲಿ ದೀಪ ಹಚ್ಚುವವರಿಗೆ ಗೊತ್ತಿರುವಂಥದ್ದೇ. ದಪ್ಪ ಬತ್ತಿಯ ನಡುಭಾಗಕ್ಕೆ ಗಾಳಿ ಸಿಗುವುದಿಲ್ಲ, ಎಣ್ಣೆ ಅರ್ಧಂಬರ್ಧ ಉರಿದು ಕಾಡಿಗೆಯಾಗುತ್ತದೆ. ಆ ಕಾಡಿಗೆ ಗಾಜಿಗೆ ಹಿಡಿದರೆ ಬೆಳಕು ಅಲ್ಲೇ ಸತ್ತಂತೆ. ಆರ್ಗಂಡ್ ದೀಪದಲ್ಲಿ ಬತ್ತಿ ಟೊಳ್ಳು ಕೊಳವೆ. ಒಳಗಿನಿಂದಲೂ ಹೊರಗಿನಿಂದಲೂ ಗಾಳಿ, ಮೇಲೆ ಗಾಜಿನ ಚಿಮಣಿ. ಆದರೂ ಬತ್ತಿಯನ್ನು ಸಮನಾಗಿ ಕತ್ತರಿಸದಿದ್ದರೆ ಜ್ವಾಲೆ ಒಂದು ಕಡೆ ಕೊಂಬು ಬಿಟ್ಟು ಹೊಗೆಯಾಡುತ್ತದೆ. ದೀಪದ ಹಿಂದೆ ಬೋಗುಣಿಯಾಕಾರದ ಕನ್ನಡಿ ಇಟ್ಟರಂತೂ ಇನ್ನೂ ಎಚ್ಚರ ಬೇಕು: ಜ್ವಾಲೆ ಅದರ ನಾಭಿಯಿಂದ (ಕನ್ನಡಿಯ ಕಿರಣಗಳು ಕೂಡುವ ಬಿಂದು) ಸ್ವಲ್ಪ ಸರಿದರೂ ಕಿರಣ ಚದುರಿಹೋಗುತ್ತದೆ.

ಇನ್ನು ಎತ್ತರ. ದೀಪ ಎಷ್ಟು ಮೀಟರ್ ಮೇಲಿದೆಯೋ ಅದರ ವರ್ಗಮೂಲವನ್ನು 3.86ರಿಂದ ಗುಣಿಸಿದರೆ ದಿಗಂತ ಎಷ್ಟು ಕಿ.ಮೀ. ದೂರ ಎಂದು ಸಿಗುತ್ತದೆ. ನೋಡುವವನ ಕಣ್ಣಿನ ಎತ್ತರಕ್ಕೂ ಹೀಗೇ ಲೆಕ್ಕ ಹಾಕಿ ಕೂಡಿಸಬೇಕು. 125 ಅಡಿ ಅಂದರೆ 38 ಮೀಟರ್, 24 ಕಿ.ಮೀ. ಹತ್ತಿರ. ಹಡಗಿನಲ್ಲಿ 5 ಮೀಟರ್ ಮೇಲೆ ನಿಂತವನದು ಎಂಟೂವರೆ. ಒಟ್ಟು ಸುಮಾರು 32. ಹೈಕೋರ್ಟ್ ಗೋಪುರ 175 ಅಡಿ. ಅಲ್ಲಿಂದ 36ರ ಮೇಲೆ. ಐವತ್ತು ಅಡಿ ಹೆಚ್ಚಿಸಿದ್ದಕ್ಕೆ ನಾಲ್ಕು ಕಿ.ಮೀ. ಚಿಲ್ಲರೆ ಲಾಭ! ಅಷ್ಟಕ್ಕಾಗಿಯೇ ಹೊಸ ಕಂಬ ಕಟ್ಟುವುದು ದಂಡ. ಆದರೆ ಗೋಪುರ ಹೇಗೂ 1892ಕ್ಕೇ ಎದ್ದು ನಿಂತಿತ್ತು, ದೀಪ ಕೂರಿಸುವುದಷ್ಟೇ ಬಾಕಿ.

1914ರ ಸೆಪ್ಟೆಂಬರ್ 22ರ ರಾತ್ರಿ ಜರ್ಮನ್ ಹಡಗು ಎಮ್ಡೆನ್ ಮದರಾಸಿನ ಎಣ್ಣೆ ಟ್ಯಾಂಕುಗಳಿಗೆ ಗುಂಡು ಹಾರಿಸಿದಾಗ ಕಡಲಿಗೆ ದಾರಿದೀಪವಾಗಿದ್ದದ್ದು ಈ ಗೋಪುರವೇ. 1977ರಲ್ಲಿ ಮರೀನಾದ ಹೊಸ ಲೈಟ್‌ಹೌಸ್ ಬಂತು, ಲಿಫ್ಟ್ ಸಮೇತ. ಕೋರ್ಟಿನ ದೀಪವೂ ಆರಿತು. ಹೀಗಾಗಿ ಒಂದೇ ಆವರಣದಲ್ಲಿ ನಿವೃತ್ತ ಲೈಟ್‌ಹೌಸ್‌ಗಳು ಎರಡು.