ಓಪನ್ ಹಾರ್ಡ್‌ವೇರ್‌ಗೆ ಹಣ: ಯಾವ ಖರ್ಚಿಗೆ ಯಾರ ದುಡ್ಡು?

ಓಪನ್ ಹಾರ್ಡ್‌ವೇರ್ ಎಂದರೆ ಯಾರು ಬೇಕಾದರೂ ನೋಡಿ, ತಿದ್ದಿ, ತಯಾರಿಸಿ, ಮಾರಬಹುದಾದಂತೆ ವಿನ್ಯಾಸವನ್ನು ಮುಕ್ತವಾಗಿಟ್ಟ ಸಾಧನ. ಸಾಫ್ಟ್‌ವೇರ್ ಒಮ್ಮೆ ಬರೆದಿಟ್ಟರೆ ಹತ್ತು ಜನ ಇಳಿಸಿಕೊಂಡರೂ ಹತ್ತು ಸಾವಿರ ಜನ ಇಳಿಸಿಕೊಂಡರೂ ಖರ್ಚು ಹೆಚ್ಚುಕಡಿಮೆ ಅಷ್ಟೇ. ಸೂಕ್ಷ್ಮದರ್ಶಕವೋ ವಿಕಿರಣ ಅಳೆಯುವ ಮೀಟರೋ ಆದರೆ ಹಾಗಲ್ಲ. ವಿನ್ಯಾಸ ಎಷ್ಟೇ ಮುಕ್ತವಾಗಿರಲಿ, ಪ್ರತಿಯೊಂದನ್ನೂ ತಯಾರಿಸಲು ಬಿಡಿಭಾಗ ಬೇಕು, ಕೈ ಬೇಕು, ಪರೀಕ್ಷೆ ಬೇಕು. ಹಾಗಾಗಿ ದೇಣಿಗೆಯ ಒಂದು ಬಟನ್ ಇಟ್ಟು ಕಾಯುವ ಕ್ರಮ ಇಲ್ಲಿ ಕೈಕೊಡುತ್ತದೆ. ವಿನ್ಯಾಸದ ಖರ್ಚು ಒಂದು ಸಲದ್ದು. ತಯಾರಿಕೆಯ ಖರ್ಚು ಪ್ರತಿ ನಗಕ್ಕೂ ಇರುತ್ತದೆ. ನಿರ್ವಹಣೆಯ ಖರ್ಚು ವರ್ಷ ವರ್ಷವೂ ಬರುತ್ತದೆ. ಈ ಮೂರನ್ನೂ ಒಂದೇ ಚೀಲದಿಂದ ತುಂಬಿಸಲು ಹೊರಟ ಪ್ರಾಜೆಕ್ಟುಗಳೇ ಹೆಚ್ಚಾಗಿ ನಡುದಾರಿಯಲ್ಲಿ ನಿಲ್ಲುತ್ತವೆ.

ಒಂದು ಸಲದ ಖರ್ಚಿಗೆ ಅನುದಾನವೇ ಸರಿ. ನೆದರ್‌ಲ್ಯಾಂಡ್ಸ್‌ನ ಎನ್‌ಎಲ್‌ನೆಟ್ ಫೌಂಡೇಶನ್ ಸಾಫ್ಟ್‌ವೇರ್ ಜೊತೆಗೆ ಓಪನ್ ಹಾರ್ಡ್‌ವೇರ್‌ಗೂ ಹಣ ಕೊಡುತ್ತ ಬಂದಿದೆ. ಅದರ ಎನ್‌ಜಿಐ ಝೀರೋ ನಿಧಿಗಳಲ್ಲಿ ಮೊದಲ ಅರ್ಜಿಗೆ 5,000ದಿಂದ 50,000 ಯೂರೊವರೆಗೆ ಕೇಳಬಹುದಿತ್ತು. ಅಲ್ಲಿ ಹಣ ಬರುವುದು ಒಪ್ಪಿಕೊಂಡ ಹಂತ ಮುಗಿದ ಮೇಲೆ. ಕೋಡ್ ಬರೆಯುವವರಿಗೆ ಇದರಿಂದ ಅಷ್ಟು ತೊಂದರೆಯಿಲ್ಲ. ಸರ್ಕ್ಯೂಟ್ ಬೋರ್ಡ್ ಮಾಡುವವರು ಮಾತ್ರ ಮೊದಲು ಬಿಡಿಭಾಗ ಕೊಂಡು ಆಮೇಲೆ ಹಣಕ್ಕೆ ಕಾಯಬೇಕು. ಇಂಥ ನಿಧಿಗೆ ಅರ್ಜಿ ಹಾಕುವಾಗ ಮೊದಲ ಹಂತವನ್ನು ಚಿಕ್ಕದಾಗಿಡಿ: ಸ್ಕೀಮ್ಯಾಟಿಕ್ (ಸರ್ಕ್ಯೂಟಿನ ನಕ್ಷೆ), ಬಿಡಿಭಾಗಗಳ ಪಟ್ಟಿ, ಐದು ಖಾಲಿ ಬೋರ್ಡು, ಅಷ್ಟೆ. ಅದರ ಹಣ ಬಂದರೆ ಮುಂದಿನ ಖರೀದಿ ಸಲೀಸು. ಬೋರ್ಡಿಗೆ ಕನಿಷ್ಠ ಮೂರು ಆವೃತ್ತಿಗಳ ಖರ್ಚು ಬರೆಯಿರಿ. ಮೊದಲನೆಯದರಲ್ಲಿ ಕನೆಕ್ಟರ್ ತಿರುಗುಮುರುಗು, ಫುಟ್‌ಪ್ರಿಂಟ್ (ಬೋರ್ಡಿನ ಮೇಲೆ ಬಿಡಿಭಾಗ ಕೂರುವ ಜಾಗದ ಗುರುತು) ಅದಲುಬದಲು ಆಗುವುದು ಸಾಮಾನ್ಯ. ಎರಡನೆಯದು ಕೆಲಸ ಮಾಡುತ್ತದೆ. ಬೇರೆಯವರೂ ಜೋಡಿಸಬಹುದಾದ ಬೋರ್ಡ್ ಬರುವುದು ಮೂರನೆಯದರಲ್ಲಿ.

ಅರ್ಜಿಗಳಲ್ಲಿ ಬಿಟ್ಟುಹೋಗುವ ದೊಡ್ಡ ಬಾಬ್ತು ದಾಖಲೆ. ಗರ್ಬರ್ ಫೈಲು, ಅಂದರೆ ಬೋರ್ಡ್ ಕಾರ್ಖಾನೆಗೆ ಕೊಡುವ ಸಿದ್ಧ ಚಿತ್ರ, ಮಾತ್ರ ಹಾಕಿದರೆ ಬೋರ್ಡ್ ಮಾಡಿಸಬಹುದು, ತಿದ್ದಲಾಗದು. ಕೀಕ್ಯಾಡ್‌ನಂಥ ಬೋರ್ಡ್ ವಿನ್ಯಾಸದ ಸಾಫ್ಟ್‌ವೇರ್‌ನ ಮೂಲ ಫೈಲೇ ಬೇಕು. ಪ್ರತಿ ಬಿಡಿಭಾಗಕ್ಕೂ ತಯಾರಕರ ಪಾರ್ಟ್ ನಂಬರ್, ಜೊತೆಗೆ ಒಂದಾದರೂ ಬದಲಿ ಇರಬೇಕು. ನಿಮ್ಮ ತಂಡದ ಹೊರಗಿನ ಮೂವರಿಗೆ ಬರಿಯ ಕೈಪಿಡಿ ಕೊಟ್ಟು, ನೀವು ತುಟಿ ಬಿಚ್ಚದೆ, ಅವರೇ ಜೋಡಿಸಲಿ. ಎಲ್ಲಿ ನಿಂತರು ಎಂದು ಬರೆದಿಟ್ಟುಕೊಂಡು ಅಲ್ಲಿ ತಿದ್ದಿ. ಅವರ ಸಮಯಕ್ಕೆ ಸಂಬಳ ಅನುದಾನದಲ್ಲೇ ಸೇರಿರಲಿ. ನನ್ನ ಮಟ್ಟಿಗೆ, ಇದಿಲ್ಲದ ಅರ್ಜಿಗೆ ಹಣ ಕೊಡುವುದೇ ತಪ್ಪು.

ಪರೀಕ್ಷೆಯ ಖರ್ಚೂ ಇದೇ ಸಾಲಿಗೆ ಸೇರುತ್ತದೆ. ಗಾಜಾದಲ್ಲಿ ಕೆಲಸ ಮಾಡಿದ ಗ್ಲಿಯಾ ಪ್ರಾಜೆಕ್ಟಿನ 3ಡಿ ಮುದ್ರಿತ ಸ್ಟೆತೊಸ್ಕೋಪನ್ನು ವೈದ್ಯರು ನಂಬಬಹುದಾದದ್ದು ಪ್ಲಾಸ್ಟಿಕ್ ಅಗ್ಗವೆಂದಲ್ಲ. ಹೆಸರಾಂತ ಸ್ಟೆತೊಸ್ಕೋಪಿನ ಎದುರು ಅದರ ಧ್ವನಿಯನ್ನು ಅಳೆದು 2018ರಲ್ಲಿ ಫಲಿತಾಂಶ ಪ್ರಕಟಿಸಿದರು, ಅದಕ್ಕೆ. ಎಲೆಕ್ಟ್ರಾನಿಕ್ ಸಾಧನವಾದರೆ ವಿದ್ಯುತ್ಕಾಂತೀಯ ಹೊರಸೂಸುವಿಕೆಯ (ಸಾಧನ ಸುತ್ತ ಹರಡುವ ರೇಡಿಯೊ ಗದ್ದಲದ) ಪರೀಕ್ಷೆ ಇದ್ದೇ ಇದೆ. ಸ್ವಿಚಿಂಗ್ ರೆಗ್ಯುಲೇಟರ್ (ವೋಲ್ಟೇಜ್ ಹೊಂದಿಸುವ ಭಾಗ), ಉದ್ದ ಕೇಬಲ್, ತುಂಡುತುಂಡಾದ ಗ್ರೌಂಡ್ ಪ್ಲೇನ್ (ಬೋರ್ಡಿನ ನೆಲಸಂಪರ್ಕದ ತಾಮ್ರದ ಹಾಸು) ಇದ್ದಲ್ಲಿ ಮೊದಲ ಸಲ ಫೇಲಾಗುವ ಸಂಭವವೇ ಹೆಚ್ಚು. ಲ್ಯಾಬಿನ ಎರಡು ಸರದಿಗೆ ಹಣ ಇಡಿ. ವೈ-ಫೈ ಬೇಕಿದ್ದರೆ ಆಗಲೇ ಪ್ರಮಾಣೀಕರಿಸಿದ ಮಾಡ್ಯೂಲ್ ಬಳಸಿ, ರೇಡಿಯೊ ಪರೀಕ್ಷೆಯ ಬಹುಪಾಲು ತಪ್ಪುತ್ತದೆ. ಬೇರೆಯವರು ತಯಾರಿಸಿದ ನಗಕ್ಕೆ ನಿಮ್ಮ ಪ್ರಮಾಣಪತ್ರ ತಾನಾಗಿ ಸಲ್ಲುವುದಿಲ್ಲ. ಆದರೂ ವರದಿಯನ್ನು ವಿನ್ಯಾಸದ ಜೊತೆಗೇ ಹಾಕಿ; ಅವರ ಅರ್ಧ ಕೆಲಸ ಉಳಿಯುತ್ತದೆ. ಓಪನ್ ಸೋರ್ಸ್ ಹಾರ್ಡ್‌ವೇರ್ ಅಸೋಸಿಯೇಶನ್ 2016ರಿಂದ ಉಚಿತವಾಗಿ ಕೊಡುವ ಪ್ರಮಾಣೀಕರಣ ವಿನ್ಯಾಸ ಮುಕ್ತವಾಗಿದೆ ಎಂದಷ್ಟೇ ಹೇಳುತ್ತದೆ. ಸುರಕ್ಷತೆಯ ಮಾತು ಅದರಲ್ಲಿಲ್ಲ.

ಇನ್ನು ಪ್ರತಿ ನಗದ ಖರ್ಚು. ಇದನ್ನು ಅನುದಾನದಿಂದ ತುಂಬಬೇಡಿ, ಬಳಸುವವರೇ ಬೆಲೆಯಾಗಿ ಕೊಡಲಿ. ಬಿಡಿಭಾಗಕ್ಕೆ 100 ಎಂದಿಟ್ಟುಕೊಳ್ಳೋಣ. ಹಾಳಾಗುವ ಭಾಗಕ್ಕೆ 5, ಜೋಡಣೆ ಮತ್ತು ಪರೀಕ್ಷೆಗೆ 25, ಪ್ಯಾಕಿಂಗಿಗೆ 8, ಕೆಟ್ಟ ನಗಗಳ ಬದಲಿಗೆ 6 ಸೇರಿಸಿದರೆ 144. ಮಾರುವ ವೇದಿಕೆ ಮತ್ತು ಪಾವತಿ ಶುಲ್ಕ ಮಾರಾಟ ಬೆಲೆಯ ಶೇ. 8 ಎನ್ನಿ, ಮುಂದಿನ ಕಂತಿನ ಬಿಡಿಭಾಗಕ್ಕೆ ಶೇ. 10 ಎತ್ತಿಡಿ. ಬೆಲೆ ಸುಮಾರು 176 ಆಗುತ್ತದೆ. ತೆರಿಗೆ, ಸಾಗಣೆ ಬೇರೆ. ಲಾಭ ಬೇಡವೆಂದು 120ಕ್ಕೆ ಮಾರಿದವರಿಗೆ ಎರಡನೇ ಕಂತಿನ ಸಾಮಾನು ಕೊಳ್ಳಲು ಕೈಯಲ್ಲಿ ದುಡ್ಡಿರುವುದಿಲ್ಲ. ಆ ಶೇ. 10 ಯಾರ ಜೇಬಿಗೂ ಹೋಗುವುದಿಲ್ಲ, ಕೆಲಸಕ್ಕೇ ಮರಳುತ್ತದೆ. ಕ್ರೌಡ್‌ಫಂಡಿಂಗ್‌ನಲ್ಲಿ ಬಂದ ಹಣವನ್ನು ದೇಣಿಗೆ ಎಂದು ಎಣಿಸುವುದೂ ಇದೇ ಎಡವಟ್ಟು. ಸಾಧನ ಕೊಡುತ್ತೇವೆ ಎಂದು ಪಡೆದದ್ದು ಮುಂಗಡ, ಎಂದರೆ ತೀರಿಸಬೇಕಾದ ಬಾಕಿ. ಅದರಲ್ಲಿ ವಿನ್ಯಾಸಕಾರರ ಸಂಬಳ ಕೊಟ್ಟರೆ ತಯಾರಿಕೆಗೆ ಕೊರತೆ ಬೀಳುತ್ತದೆ. ಮೂರನೇ ಆವೃತ್ತಿಯ ಬೋರ್ಡ್ ಕೈಗೆ ಬರುವ ಮೊದಲು ಮುಂಗಡ ಕೇಳಬೇಡಿ.

ಲೈಸೆನ್ಸ್ ಆಯ್ಕೆಯೂ ಹಣದ ಪ್ರಶ್ನೆಯೇ. ಲಾಭದ ಉದ್ದೇಶ ಇಲ್ಲ ಎಂದು "ವಾಣಿಜ್ಯ ಬಳಕೆ ನಿಷಿದ್ಧ" ಎಂಬ ಷರತ್ತು ಹಾಕುವವರಿದ್ದಾರೆ. ದಯವಿಟ್ಟು ಬೇಡ. ಓಪನ್ ಹಾರ್ಡ್‌ವೇರ್ ವ್ಯಾಖ್ಯೆಗೆ ಅದು ಒಗ್ಗುವುದಿಲ್ಲ; ಅದಕ್ಕಿಂತ ಮುಖ್ಯವಾಗಿ, ಐವತ್ತು ನಗ ಮಾಡಿ ಅಸಲು ಹುಟ್ಟಿಸಿಕೊಳ್ಳಬೇಕೆಂದಿರುವ ಸಣ್ಣ ಕಾರ್ಯಾಗಾರವೂ ಹಿಂದೆ ಸರಿಯುತ್ತದೆ. ನಿಮ್ಮ ಚಿಂತೆ ಯಾರಾದರೂ ವಿನ್ಯಾಸವನ್ನು ಮುಚ್ಚಿಟ್ಟುಕೊಂಡಾರು ಎಂಬುದಾದರೆ ಯುರೋಪಿನ ಕಣಭೌತ ಸಂಶೋಧನಾ ಕೇಂದ್ರವಾದ ಸರ್ನ್‌ನ ಓಪನ್ ಹಾರ್ಡ್‌ವೇರ್ ಲೈಸೆನ್ಸಿನ ಎರಡನೇ ಆವೃತ್ತಿಯಲ್ಲಿ, ಅಂದರೆ 2020ರದ್ದರಲ್ಲಿ, ಮೂರು ಬಗೆಗಳಿವೆ. ಅದರಲ್ಲಿ ಎಸ್ ಬಗೆ ಆರಿಸಿ: ತಿದ್ದಿ ತಯಾರಿಸಿ ಹಂಚುವವರು ತಮ್ಮ ತಿದ್ದುಪಡಿಯನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಕಳಪೆ ನಕಲಿನ ಭಯಕ್ಕೆ ಪ್ರಾಜೆಕ್ಟಿನ ಹೆಸರನ್ನು ಟ್ರೇಡ್‌ಮಾರ್ಕ್ ಮಾಡಿಸಿ. ಹವ್ಯಾಸಿಗಳು ಬಳಸುವ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡುಗಳ ಆರ್ಡುಯಿನೊ ಅದನ್ನೇ ಮಾಡಿತ್ತು. ಬೋರ್ಡಿನ ವಿನ್ಯಾಸ ಎಲ್ಲರದು, ಹೆಸರು ಅವರದು.

ಕಷ್ಟವಿರುವುದು ವಾರ್ಷಿಕ ಖರ್ಚಿನಲ್ಲಿ. ಚಿಪ್ ತಯಾರಕರು ಒಂದು ಭಾಗವನ್ನು ನಿಲ್ಲಿಸಿದರೆ ಬೋರ್ಡ್, ಫರ್ಮ್‌ವೇರ್ (ಸಾಧನದೊಳಗಿನ ಸಾಫ್ಟ್‌ವೇರ್), ಕೈಪಿಡಿ ಮೂರೂ ಬದಲಾಗಬೇಕು. "ಹೊಸತೇನು?" ಎಂದು ಕೇಳುವ ಅನುದಾನ ನಿಧಿಗಳಿಗೆ ಇದು ರುಚಿಸದು. ಇಲ್ಲಿ ಹಣ ಸಿಗುವುದು ಆ ವಿನ್ಯಾಸದ ಮೇಲೆ ನಿಂತಿರುವ ಸಂಸ್ಥೆಗಳಿಂದ. ಸರ್ನ್‌ನಲ್ಲಿ ಹುಟ್ಟಿದ ವೈಟ್ ರ್‍ಯಾಬಿಟ್ ಕಾಲಮಾಪನ ಜಾಲದ ವಿನ್ಯಾಸಗಳು ಮುಕ್ತ. ಕಂಪನಿಗಳು ತಯಾರಿಸಿ ಮಾರುತ್ತವೆ, ಪ್ರಯೋಗಾಲಯಗಳು ಕೊಳ್ಳುತ್ತವೆ, ಒಬ್ಬ ತಯಾರಕ ಕೈಬಿಟ್ಟರೂ ವಿನ್ಯಾಸ ಕೈತಪ್ಪುವುದಿಲ್ಲ. ಮುಕ್ತ ದತ್ತಾಂಶದಲ್ಲಿ ಮೆಟಾಬ್ರೈನ್ಸ್ ಎಂಬ ಸಂಸ್ಥೆ ಮಾಡುವುದು ನಮಗೂ ಒಳ್ಳೆಯ ದಾರಿ. ಅದರ ಸಂಗೀತ ಮಾಹಿತಿಕೋಶವಾದ ಮ್ಯೂಸಿಕ್‌ಬ್ರೈನ್ಸ್‌ನ ಮೂಲ ಮಾಹಿತಿ ಎಲ್ಲರಿಗೂ ಮುಕ್ತ. ಅದನ್ನು ವ್ಯಾಪಾರಕ್ಕೆ ಬಳಸುವ ಕಂಪನಿಗಳಿಂದ, ಕ್ಷಣಕ್ಷಣದ ನವೀಕರಣ ಪಡೆಯುವುದಕ್ಕೆ, ಹಣ ಕೇಳುತ್ತಾರೆ. ಬಿಡಿ ದೇಣಿಗೆ ಹುಡುಕುವ ಮೊದಲು ನಿಮ್ಮ ವಿನ್ಯಾಸ ನಿಂತರೆ ಯಾರ ಕೆಲಸ ನಿಲ್ಲುತ್ತದೆ ಎಂದು ಪಟ್ಟಿ ಮಾಡಿ, ಅವರಿಗೆ ವಾರ್ಷಿಕ ಬಿಲ್ ಕಳಿಸಿ. ಅನೇಕ ಸಂಸ್ಥೆಗಳಿಗೆ ದೇಣಿಗೆ ಕೊಡಲು ನಿಯಮ ಅಡ್ಡಿ, ಬಿಲ್ ಕಟ್ಟಲು ಅಡ್ಡಿಯಿಲ್ಲ. ಮೂಲ ವಿನ್ಯಾಸದ ಖರ್ಚಿನ ಐದನೇ ಒಂದು ಪಾಲಾದರೂ ಪ್ರತಿ ವರ್ಷ ಬರುವಂತಿರಲಿ.

ಈ ಹಣ ಇಡಲು ಸ್ವಂತ ಟ್ರಸ್ಟ್ ಮಾಡಲು ಆತುರ ಬೇಡ. ಬಂದ ಹಣದ ಶೇ. 5ರಿಂದ 10 ತೆಗೆದುಕೊಂಡು ಲೆಕ್ಕಪತ್ರ ನೋಡಿಕೊಳ್ಳುವ ಆತಿಥೇಯ ಸಂಸ್ಥೆಗಳಿವೆ. ಆದರೆ ಅವೂ ಮುಚ್ಚಬಹುದು: ಅಮೆರಿಕದ ಓಪನ್ ಕಲೆಕ್ಟಿವ್ ಫೌಂಡೇಶನ್ 2024ರಲ್ಲಿ ಬಾಗಿಲು ಹಾಕುವುದಾಗಿ ತಿಳಿಸಿದಾಗ ಅದರಡಿಯ ಗುಂಪುಗಳೆಲ್ಲ ವರ್ಷದೊಳಗೆ ಬೇರೆ ನೆಲೆ ಹುಡುಕಬೇಕಾಯಿತು. ಸಾಫ್ಟ್‌ವೇರ್ ಗುಂಪಿಗೆ ಸಾಗಿಸಬೇಕಾದದ್ದು ಬರೀ ಕೈಯಲ್ಲಿ ಉಳಿದ ಹಣ. ನಿಮ್ಮಲ್ಲಿ ಅಚ್ಚುಗಳು, ಅಳತೆ ಉಪಕರಣ, ಬಿಡಿಭಾಗದ ದಾಸ್ತಾನು, ಟ್ರೇಡ್‌ಮಾರ್ಕ್ ಎಲ್ಲ ಇರುತ್ತವೆ, ಇವೆಲ್ಲ ಕಾನೂನಿನ ಪ್ರಕಾರ ಆತಿಥೇಯರ ಸ್ವತ್ತಾಗಿರಬಹುದು. ಸಹಿ ಹಾಕುವ ಮೊದಲೇ ಒಪ್ಪಂದದಲ್ಲಿ ಬರೆಸಿ: ಬಿಟ್ಟುಹೋಗಲು ಎಷ್ಟು ದಿನದ ನೋಟಿಸ್, ವಸ್ತುಗಳು ಯಾರಿಗೆ ಹೋಗುತ್ತವೆ, ಸಾಗಣೆಯ ಖರ್ಚು ಯಾರದು, ಮುಂಗಡ ಕೊಟ್ಟವರ ಬಾಕಿ ತೀರಿಸುವವರು ಯಾರು.