ಇಷ್ಟು ಹೆಣ್ತನ ಇಟ್ಟುಕೊಂಡು ಹೆಣ್ಣಲ್ಲ ಅಂದರೆ ಹೇಗೆ?

‘ನಿಮ್ಮ ಉಡುಗೆ, ಮಾತು, ನಡೆ ಎಲ್ಲ ಹೆಣ್ಣಿನಂತೆಯೇ ಇದೆ. ಮತ್ತೆ ಹೆಣ್ಣಲ್ಲ ಅಂತೀರಲ್ಲ, ಯಾಕೆ?’ ನನ್ನನ್ನು ಹೊಸದಾಗಿ ಪರಿಚಯ ಮಾಡಿಕೊಂಡವರೆಲ್ಲ ಹೆಚ್ಚುಕಡಿಮೆ ಇದನ್ನೇ ಕೇಳುತ್ತಾರೆ.

ನಾನು ನಾನ್‌ಬೈನರಿ. ಗಂಡು, ಹೆಣ್ಣು ಎರಡರಲ್ಲಿ ಯಾವುದಕ್ಕೂ ಪೂರ್ತಿ ಸೇರದವರನ್ನು ಹಾಗೆ ಕರೆಯುತ್ತಾರೆ. ಈ ಪದ ಕೇಳಿದ ಕೂಡಲೇ ಜನ ಎರಡರ ನಟ್ಟನಡುವೆ ನಿಂತವರನ್ನು ಊಹಿಸಿಕೊಳ್ಳುತ್ತಾರೆ. ನಾನು ನಡುವೆ ಇಲ್ಲ. ಹೆಣ್ಣಿಗೆ ತೀರಾ ಹತ್ತಿರ ಇದ್ದೇನೆ, ಆದರೂ ಬೇರೆ. ಇಂಥ ಗುರುತಿಗೆ ಜಕ್ಸೆರಾ ಎಂಬ ಹೆಸರಿದೆ. ಗಂಡಿಗೆ ಹತ್ತಿರವಿದ್ದೂ ಬೇರೆಯಾಗಿರುವವರದು ಪ್ರಾಕ್ಸ್‌ವಿರ್. ಡೆಮಿಗರ್ಲ್ ಎಂಬುದನ್ನೂ ನೀವು ಕೇಳಿರಬಹುದು. ಅವರು ತಮ್ಮಲ್ಲಿ ಒಂದಷ್ಟು ಭಾಗ ಹೆಣ್ಣು ಅನ್ನುತ್ತಾರೆ. ನನಗೆ ಆ ಭಾಗದ ಲೆಕ್ಕವೂ ಕೂಡುವುದಿಲ್ಲ.

ಹೆಂಗಸರಿಂದಲೇ ಬರುವ ಒಂದು ಆಕ್ಷೇಪ ಇದೆ. ಅದಕ್ಕೆ ನಾನು ತುಂಬಾ ಬೆಲೆ ಕೊಡುತ್ತೇನೆ. ‘ಹೆಣ್ಣು ಅಂದರೆ ಹೀಗೇ ಇರಬೇಕು ಅನ್ನುವ ಕಟ್ಟುಪಾಡಿನ ವಿರುದ್ಧ ನಾವು ಇಷ್ಟು ಕಾಲ ಜಗಳ ಆಡಿದ್ದೇವೆ. ಆ ಅಚ್ಚಿಗೆ ಹೊಂದದವರೆಲ್ಲ ಹೆಣ್ಣಲ್ಲ ಅಂತ ಎದ್ದು ಹೋದರೆ ಕಟ್ಟುಪಾಡೇ ಗೆದ್ದ ಹಾಗೆ ಅಲ್ವಾ?’

ನನ್ನ ವಿಷಯ ಅದಕ್ಕೆ ಪೂರಾ ಉಲ್ಟಾ. ಆ ಅಚ್ಚಿಗೆ ನಾನು ಚೆನ್ನಾಗಿಯೇ ಹೊಂದುತ್ತೇನೆ. ಅಲಂಕಾರ ಇಷ್ಟ, ಮೆಲುಮಾತು ಇಷ್ಟ, ಹೆಣ್ತನದಲ್ಲಿ ನನಗೆ ಸಂತೋಷವಿದೆ. ಕೂದಲು ಕತ್ತರಿಸಿಕೊಂಡು, ಅಲಂಕಾರದ ಗೋಜೇ ಬೇಡ ಅನ್ನುವ ಗೆಳತಿ ಪೂರ್ತಿ ಹೆಣ್ಣು. ಅವಳ ಗುರುತನ್ನು ಪ್ರಶ್ನಿಸುವ ಹಕ್ಕು ನನಗಿಲ್ಲ, ಯಾರಿಗೂ ಇಲ್ಲ. ಹೆಣ್ತನವನ್ನು ಅಳೆದು ಹೆಣ್ಣು ಯಾರು ಅಂತ ತೀರ್ಮಾನಿಸುವುದಾದರೆ ಅವಳಿಗಿಂತ ಮೊದಲು ನಾನು ಹೆಣ್ಣಾಗಬೇಕಿತ್ತು! ಹೆಂಗಸರ ಗುಂಪಿನಲ್ಲಿ ನನಗೆ ಹಿತವಾಗಿರುತ್ತದೆ. ಆದರೆ ‘ನಾವು ಹೆಂಗಸರು’ ಅಂತ ಅವರು ಅಂದಾಗ, ಆ ‘ನಾವು’ ಒಳಗೆ ನಾನಿಲ್ಲ ಎಂದು ಸ್ಪಷ್ಟವಾಗಿ ಗೊತ್ತಾಗುತ್ತದೆ. ಅವರ ಮೇಲೆ ಕೋಪವೂ ಇಲ್ಲ, ಬೇಸರವೂ ಇಲ್ಲ.

ಹುಟ್ಟಿದಾಗ ಏನೆಂದು ಬರೆದಿದ್ದರು ಅಂತಲೂ ಕೇಳುತ್ತಾರೆ. ಅದನ್ನು ನಾನು ಹೇಳುವುದಿಲ್ಲ. ಗಂಡುಮಗುವಾಗಿ ಬೆಳೆದವರೂ ಜಕ್ಸೆರಾ ಆಗಿರಬಹುದು, ಹೆಣ್ಣುಮಗುವಾಗಿ ಬೆಳೆದವರೂ ಆಗಿರಬಹುದು. ಯಾರನ್ನು ಪ್ರೀತಿಸುತ್ತೀರಿ ಎಂಬುದಂತೂ ಬೇರೆಯೇ ಮಾತು.

ಇದು ಕಾಯಿಲೆಯೇ? ಅಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಒಪ್ಪಿದ ರೋಗಗಳ ಹೊಸ ಪಟ್ಟಿ 2022ರಲ್ಲಿ ಜಾರಿಗೆ ಬಂತು. ಹುಟ್ಟಿದಾಗ ಬರೆದ ಲಿಂಗಕ್ಕೂ ಒಳಗಿನ ಗುರುತಿಗೂ ಹೊಂದದೆ ಇರುವುದನ್ನು ಅದರಲ್ಲಿ ಮಾನಸಿಕ ಕಾಯಿಲೆಗಳ ಅಧ್ಯಾಯದಿಂದ ಹೊರಗೆ ತೆಗೆದಿದ್ದಾರೆ.

ಕಾಗದಪತ್ರಗಳಲ್ಲಿ ಮಾತ್ರ ನನ್ನಂಥವರಿಗೆ ಜಾಗ ಕಡಿಮೆ. ಅರ್ಜೆಂಟೀನಾ 2021ರಲ್ಲಿ ಗುರುತಿನ ಚೀಟಿಯ ಲಿಂಗದ ಕಾಲಂನಲ್ಲಿ ಗಂಡು, ಹೆಣ್ಣು ಎರಡೂ ಅಲ್ಲದವರಿಗೆ ‘ಎಕ್ಸ್’ ಎಂಬ ಅಕ್ಷರ ಕೊಟ್ಟಿತು. ಅದು ದೊಡ್ಡ ಹೆಜ್ಜೆ, ನನಗೆ ಖುಷಿಯಿದೆ. ಆದರೆ ಆ ಅಕ್ಷರ ನಾನು ಏನಲ್ಲ ಎಂಬುದನ್ನಷ್ಟೇ ಹೇಳುತ್ತದೆ. ನನ್ನ ಹೆಣ್ತನ ಅದರಲ್ಲಿ ಕಾಣುವುದಿಲ್ಲ.

ಹಾಗಾದರೆ ನನ್ನನ್ನು ಏನಂತ ಕರೆಯಬೇಕು? ಚಿಕ್ಕವರು ಅಕ್ಕ ಅಂದರೆ ನನಗೆ ಬಹಳ ಇಷ್ಟ. ನನ್ನ ಬಗ್ಗೆ ಬೇರೆಯವರ ಹತ್ತಿರ ಮಾತಾಡುವಾಗ ‘ಅವರು’ ಅನ್ನಿ. ಹೆಂಗಸರ ಲೆಕ್ಕ ಹಾಕುವಾಗ ನನ್ನನ್ನು ಸೇರಿಸಬೇಡಿ. ಇನ್ನೊಬ್ಬ ಜಕ್ಸೆರಾಗೆ ‘ಅಕ್ಕ’ ಹಿಡಿಸದೇ ಇರಬಹುದು, ಅವರನ್ನೇ ಕೇಳಿ.