ಬಳ್ಳಾರಿಯಲ್ಲಿ ಸೈಕಾಲಜಿ ರಿಸರ್ಚ್ ಅಸಿಸ್ಟೆಂಟ್ ಕೆಲಸ ಸಿಗುತ್ತಾ?

ತಿಂಗಳಿಗೆ ಒಬ್ಬರಾದರೂ ಇದನ್ನು ಕೇಳುತ್ತಾರೆ. "ಅಕ್ಕಾ, ಸೈಕಾಲಜಿ ಎಂಎಸ್ಸಿ ಮುಗಿಸಿದ್ದೀನಿ. ಮದುವೆಯಾಗಿ ಬಳ್ಳಾರಿಗೆ ಬಂದೆ. ರಿಸರ್ಚ್ ಅಸಿಸ್ಟೆಂಟ್ ಆಗಬೇಕು ಅಂತ ಆಸೆ. ಈ ಊರಲ್ಲಿ ಅಂಥದ್ದೆಲ್ಲ ಇದೆಯಾ?" ಕೊನೆಯ ಮಾತಿನಲ್ಲಿ ಒಂದು ನಿಟ್ಟುಸಿರು ಇರುತ್ತದೆ. ಗಂಡನ ವರ್ಗಾವಣೆಯ ಹಿಂದೆ ಮೈಸೂರು ಬಿಟ್ಟು ಬಂದಾಗ ನಾನೂ ಅಂಥದ್ದೇ ನಿಟ್ಟುಸಿರು ಬಿಟ್ಟಿದ್ದೆ. ಅದೂ ಏಪ್ರಿಲ್ ಬಿಸಿಲಲ್ಲಿ.

ಕೆಲಸ ಇದೆ. ಆದರೆ ಆ ಹೆಸರಲ್ಲಿ ಹುಡುಕಿದರೆ ಸಿಗುವುದಿಲ್ಲ.

ಮೊದಲು ನಿಟ್ಟುಸಿರಿನ ಲೆಕ್ಕ ಮುಗಿಸೋಣ. 1980ರ ದಶಕದಲ್ಲಿ ನಿಮ್ಹಾನ್ಸ್‌ನವರು ಒಂದು ದೊಡ್ಡ ಪ್ರಯೋಗ ಮಾಡಿದರು. ಮಾನಸಿಕ ಕಾಯಿಲೆಯವರನ್ನು ದೊಡ್ಡಾಸ್ಪತ್ರೆಗೆ ಅಲೆಸುವ ಬದಲು, ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೂ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮುಖ್ಯವಾದ ಕೆಲವು ಔಷಧಿಗಳನ್ನು ಅಲ್ಲೇ ಸಿಗುವ ಹಾಗೆ ಮಾಡಿದರೆ ಹೇಗೆ ಅಂತ. ಆ ಪ್ರಯೋಗ ನಡೆದದ್ದು ಇದೇ ಬಳ್ಳಾರಿ ಜಿಲ್ಲೆಯಲ್ಲಿ. 1996ರಲ್ಲಿ ದೇಶದ 4 ಜಿಲ್ಲೆಗಳಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ತಳಪಾಯ. 'ಬಳ್ಳಾರಿ ಮಾದರಿ' ಅಂತಲೇ ಅದಕ್ಕೆ ಹೆಸರು. ಪರೀಕ್ಷೆಗೆ ಅಂತ ನಾನು ಅದನ್ನು ಉರು ಹೊಡೆದಿದ್ದೆ. ಬಸ್ ಸ್ಟ್ಯಾಂಡಲ್ಲಿ ಸೂಟ್‌ಕೇಸ್ ಹಿಡಿದು ಇಳಿದಾಗ ಮಾತ್ರ ನೆನಪೇ ಆಗಲಿಲ್ಲ ನೋಡಿ.

ಈಗ ಹೆಸರಿನ ವಿಷಯ. ಪ್ರಕಟಣೆಗಳಲ್ಲಿ 'ಸೈಕಾಲಜಿ ರಿಸರ್ಚ್ ಅಸಿಸ್ಟೆಂಟ್' ಅಂತ ಬರುವುದು ಅಪರೂಪ. ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) ಹಣದ ಯೋಜನೆಯಾದರೆ 'ಪ್ರಾಜೆಕ್ಟ್ ಟೆಕ್ನಿಕಲ್ ಸಪೋರ್ಟ್' ಅಂತಿರುತ್ತದೆ. ಬೇರೆ ಕಡೆ 'ಫೀಲ್ಡ್ ಇನ್ವೆಸ್ಟಿಗೇಟರ್', 'ಡೇಟಾ ಕಲೆಕ್ಟರ್', 'ಕೌನ್ಸೆಲರ್'. ಅರ್ಹತೆಯ ಸಾಲಿನಲ್ಲಿ 'ಸಮಾಜಕಾರ್ಯ ಅಥವಾ ಮನೋವಿಜ್ಞಾನ' ಅಂತ ಸಣ್ಣಕ್ಷರದಲ್ಲಿ ಇರುತ್ತದೆ. ಅದನ್ನು ಓದದೆ ಪುಟ ಮುಚ್ಚಿದವರೇ ಜಾಸ್ತಿ.

ಹುಡುಕುವುದು ಎಲ್ಲಿ? ನಾನು ಹೇಳುವ ಮೊದಲ ಜಾಗ ಸರ್ಕಾರಿ ವೈದ್ಯಕೀಯ ಕಾಲೇಜು. ಬಳ್ಳಾರಿಯದಕ್ಕೆ ಹೆಸರು ಬದಲಾಗಿದ್ದರೂ ಊರವರ ಬಾಯಲ್ಲಿ ಇನ್ನೂ ವಿಮ್ಸ್. ರಾಯಚೂರಿಗೆ ರಿಮ್ಸ್ ಇದೆ, ಕೊಪ್ಪಳಕ್ಕೆ ಕಿಮ್ಸ್ ಇದೆ. ಮನೋವೈದ್ಯ ವಿಭಾಗದ ಜೊತೆ ಕಮ್ಯುನಿಟಿ ಮೆಡಿಸಿನ್ ವಿಭಾಗಕ್ಕೂ ಹೋಗಿ. ಹಳ್ಳಿ ಸುತ್ತುವ ಸಮೀಕ್ಷೆಗಳು ಸಾಮಾನ್ಯವಾಗಿ ಅವರ ಕೈಯಲ್ಲಿರುತ್ತವೆ. ಇನ್ನೊಂದು ಗುಟ್ಟು: ಎಂಡಿ ಓದುವ ಡಾಕ್ಟರುಗಳು ಥೀಸಿಸ್ ಬರೆಯಲೇಬೇಕು. ಪ್ರಶ್ನಾವಳಿಗಳ ಅಂಕ ಹಾಕುವುದು, ಎಕ್ಸೆಲ್‌ನಲ್ಲಿ ತುಂಬುವುದು ಅವರಿಗೆ ತಲೆನೋವು. ಅಲ್ಲಿ ಸಣ್ಣದಾಗಿ ಕೈಜೋಡಿಸಿದರೆ ಮುಂದಿನ ಪ್ರಾಜೆಕ್ಟ್ ಬಂದಾಗ ನಿಮ್ಮ ಹೆಸರು ನೆನಪಾಗುತ್ತದೆ. ಅಂಕಿಅಂಶ ಲೆಕ್ಕ ಹಾಕಲು ಜಾಮೋವಿ ಅಂತ ಉಚಿತ ಸಾಫ್ಟ್‌ವೇರ್ ಇದೆ, ಒಂದು ವಾರ ಕೂತು ಕಲಿಯಿರಿ. ಕೋಬೋ ಕೂಡ. ಇಂಟರ್ನೆಟ್ ಇಲ್ಲದ ಹಳ್ಳಿಯಲ್ಲೂ ಮೊಬೈಲಲ್ಲಿ ಉತ್ತರ ತುಂಬಿಸಿಕೊಂಡು ಬರಬಹುದು.

ನಾನು ಮಾಡಿದ ತಪ್ಪು ಹೇಳಿಬಿಡುತ್ತೇನೆ. ಮೊದಲ ಎರಡು ತಿಂಗಳು ಮನೆಯಲ್ಲೇ ಕೂತು ಉದ್ದುದ್ದ ಇಂಗ್ಲಿಷ್ ಈಮೇಲ್ ಕಳಿಸಿದೆ. ಒಂದಕ್ಕೂ ಉತ್ತರ ಬರಲಿಲ್ಲ. ಆಮೇಲೆ ಒಂದು ದಿನ ಒಗ್ಗರಣೆ ಮಿರ್ಚಿ ತಿಂದು, ಧೈರ್ಯ ಮಾಡಿ, ಒಂದೇ ಪುಟದ ಬಯೋಡೇಟಾ ಹಿಡಿದು ಆಸ್ಪತ್ರೆಗೆ ಹೊರಟೆ. ಹೊರರೋಗಿಗಳ ಸಾಲು ಕರಗಿದ ಮೇಲೆ, ಮಧ್ಯಾಹ್ನ. ಡಾಕ್ಟರು ಹತ್ತು ನಿಮಿಷ ಮಾತಾಡಿಸಿದರು. ಮೂರು ವಾರದ ಮೇಲೆ ಫೋನ್ ಬಂತು.

ಇಂಟರ್‌ವ್ಯೂನಲ್ಲಿ ನನ್ನ ಅಂಕಪಟ್ಟಿ ಯಾರೂ ಸರಿಯಾಗಿ ನೋಡಲಿಲ್ಲ. ಪಿಎಚ್‌ಕ್ಯೂ-9 ಕೈಗೆ ಕೊಟ್ಟು, "ಇದನ್ನು ಓದು ಬರದವರಿಗೆ ಹೇಗೆ ಕೇಳ್ತೀರಿ?" ಅಂದರು. ಖಿನ್ನತೆ ಅಳೆಯುವ 9 ಪ್ರಶ್ನೆಗಳ ಪಟ್ಟಿ ಅದು. ಕಳೆದ ಎರಡು ವಾರ ಹೇಗಿತ್ತು ಅಂತ ಕೇಳುತ್ತದೆ, ಒಟ್ಟು 27 ಅಂಕ. ಒಂಬತ್ತನೆಯದು ಸಾಯುವ ಯೋಚನೆ ಬಗ್ಗೆ. ನಾನು ತಿರುಗಿ ಕೇಳಿದೆ: "ಅದಕ್ಕೆ ಯಾರಾದರೂ ಹೌದು ಅಂದರೆ ನಾನು ಏನು ಮಾಡಬೇಕು ಸರ್? ಆವತ್ತೇ ಯಾರಿಗೆ ತಿಳಿಸಬೇಕು?" ಆ ಪ್ರಶ್ನೆಗೇ ನನ್ನನ್ನು ತಗೊಂಡರು ಅಂತ ಆಮೇಲೆ ಗೊತ್ತಾಯಿತು. ನೀವೂ ಕೇಳಿ. ಉತ್ತರ ಇಲ್ಲದ ಪ್ರಾಜೆಕ್ಟ್ ಆದರೆ ಸೇರಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಸಂಖ್ಯೆ 14416 ಕೊಟ್ಟು ಬರುವುದು ಒಳ್ಳೆಯದೇ, ಆದರೆ ಅಷ್ಟಕ್ಕೇ ಕೈತೊಳೆದುಕೊಳ್ಳುವ ಹಾಗಿಲ್ಲ.

ನಿಜವಾದ ಪರೀಕ್ಷೆ ಸಿರುಗುಪ್ಪ ಕಡೆಯ ಒಂದು ಹಳ್ಳಿಯಲ್ಲಾಯಿತು. ನಾವಿನ್ನೂ ಪ್ರಶ್ನಾವಳಿಯನ್ನು ನಾಲ್ಕಾರು ಜನರ ಮೇಲೆ ಪ್ರಯೋಗಿಸಿ ನೋಡುತ್ತಿದ್ದೆವು. ನಾನು ಮೈಸೂರು ಕನ್ನಡದಲ್ಲಿ, "ನಿಮಗೆ ಕೆಲಸಗಳಲ್ಲಿ ನಿರಾಸಕ್ತಿ ಇತ್ತೇ?" ಅಂದೆ. ಅಜ್ಜಿ ನನ್ನ ಮುಖ ನೋಡಿ, "ನಿರಾಸಕ್ತಿ ಅಂದ್ರ ಏನವ್ವಾ? ಅದಕ್ಕೂ ಸೂಜಿ ಮಾಡ್ತಾರೇನು?" ಅಂದರು. ಅರ್ಥ ಬಿಡಿಸಿ ಹೇಳಿದ ಮೇಲೆ, "ಏನೂ ಬ್ಯಾಡ ಅನಸ್ತೈತಿ, ಹಂಗನ್ನು" ಅಂತ ನನಗೇ ಪಾಠ ಮಾಡಿದರು. ಹಾಗಂತ ಅಲ್ಲೇ ಮಾತು ಬದಲಿಸಿ ಕೇಳುವ ಹಾಗಿಲ್ಲ. ಎಲ್ಲರಿಗೂ ಒಂದೇ ಪ್ರಶ್ನೆ ಕೇಳದಿದ್ದರೆ ಅಂಕಗಳಿಗೆ ಅರ್ಥವಿಲ್ಲ. ಇಂಥ ಮಾತುಗಳನ್ನು ನೋಟ್‌ಬುಕ್ಕಲ್ಲಿ ಬರೆದುಕೊಂಡು ಬಂದು, ಸಮೀಕ್ಷೆ ಶುರುವಾಗುವ ಮುಂಚೆ ಪ್ರಾಜೆಕ್ಟಿನ ಹಿರಿಯರ ಮುಂದಿಡಬೇಕು. ನನ್ನ ಮೊದಲ ತಿಂಗಳ ಕೆಲಸದಲ್ಲಿ ಪ್ರಯೋಜನಕ್ಕೆ ಬಂದದ್ದು ಆ ನೋಟ್‌ಬುಕ್ ಒಂದೇ.

ಸಂಬಳ ಕಡಿಮೆ, ತಡವಾಗಿಯೂ ಬರುತ್ತದೆ. ಯೋಜನೆಯ ಹಣ ಕಂತಿನಲ್ಲಿ ಬರುವುದರಿಂದ ಹೀಗೆ. ಆದರೆ ನೇಮಕ ಪತ್ರವಿಲ್ಲದೆ ಒಂದು ದಿನವೂ ಹೋಗಬೇಡಿ. "ಆಮೇಲೆ ಕೊಡ್ತೀವಿ ಬಿಡಮ್ಮ" ಅಂದವರನ್ನು ನಂಬಿ ಒಂದು ಕಡೆ ಮೂರು ತಿಂಗಳು ದುಡಿದೆ. ಅನುಭವ ಪತ್ರ ಇವತ್ತಿಗೂ ಬಂದಿಲ್ಲ.

ಕಲ್ಯಾಣ ಕರ್ನಾಟಕದ ಸ್ಥಳೀಯರಿಗೆ ಕೊಡುವ 371ಜೆ ಸರ್ಟಿಫಿಕೇಟ್ ಇಲ್ಲದಿದ್ದರೆ ಇಲ್ಲೇನೂ ಸಿಗಲ್ಲ ಅಂತ ಹೆದರಿಸುವವರಿದ್ದಾರೆ. ಕಾಯಂ ಸರ್ಕಾರಿ ಹುದ್ದೆಗಳಲ್ಲಿ ಸ್ಥಳೀಯರಿಗೆ ಮೀಸಲಾತಿ ಇರುವುದು ನಿಜ. ಪ್ರಾಜೆಕ್ಟ್ ಹುದ್ದೆಗೆ ಪ್ರಕಟಣೆಯಲ್ಲಿ ಏನು ಬರೆದಿದೆಯೋ ಅದನ್ನು ನೋಡಿ, ಹೇಳಿಕೆ ಮಾತು ಬೇಡ.

ಮೊನ್ನೆ ಒಬ್ಬಳು, "ಅಕ್ಕಾ, ನಂಗೆ ತೆಲುಗು ಬರಲ್ಲ, ಪರವಾಗಿಲ್ವಾ?" ಅಂದಳು. ನನಗೂ ಬರುವುದು ನಾಲ್ಕೇ ವಾಕ್ಯ. ಅದರಲ್ಲೊಂದು "ನಿದ್ರ ಪಡುತೋಂದಾ?", ಅಂದರೆ ನಿದ್ದೆ ಬರುತ್ತಾ ಅಂತ. ಉತ್ತರ ಉದ್ದವಾದರೆ ಮುಗಿಯಿತು. ಪಕ್ಕದ ಮನೆಯವರನ್ನು ಕರೆದು ಅರ್ಥ ಕೇಳುವಂತಿಲ್ಲ, ಹೇಳಿದ ಗುಟ್ಟು ಸಂಜೆಯೊಳಗೆ ಓಣಿಗೆಲ್ಲ ಗೊತ್ತಾಗುತ್ತದೆ. ಅದಕ್ಕೇ ತೆಲುಗು ಮನೆಗಳಿಗೆ ನಮ್ಮ ತಂಡದಿಂದ ಕೌಲ್ ಬಜಾರಿನ ಹುಡುಗಿಯೊಬ್ಬಳು ಹೋಗುತ್ತಾಳೆ. ಅವಳು ಓದಿದ್ದು ಬಿಕಾಂ. ನನಗಿಂತ ಚೆನ್ನಾಗಿ ಕೇಳುತ್ತಾಳೆ.